ಗುರಿ ತಪ್ಪುವಂಥ ಬಿಲ್ಲು

ಸ್ಟರ್ಲಿಂಗ್ ಹೈಟ್ಸಿನ ಶ್ಯಾಮ್ ಅವರನ್ನು ಕೇಳದೆ ಡೆಟ್ರಾಯ್ಟ್ ಸುತ್ತಮುತ್ತಲಿನ ಕನ್ನಡದವರು ಕಾರು ಕೊಳ್ಳುತ್ತಿರಲಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಬಂದು, ಕಾರು ಕಂಪನಿಯೊಂದರ ಗೇರ್‌ಬಾಕ್ಸ್ ವಿಭಾಗದಲ್ಲಿ ದುಡಿದು ಈಗ ಅವರು ನಿವೃತ್ತರಾಗಿದ್ದರು. ಯಾರಾದರೂ ಫೋನ್ ಮಾಡಿ "ಅಂಕಲ್, ಹೊಸ ಕಾರು ನೋಡ್ತಾ ಇದೀವಿ" ಎಂದರೆ ಸಾಕು, ದಿನಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ, ಗ್ಯಾರೇಜಿನ ಬಾಗಿಲು ಎಷ್ಟು ಅಗಲ, ಹಿಂದಿನ ಸೀಟಿನಲ್ಲಿ ಕೂರುವ ಅತ್ತೆಯ ಮಂಡಿ ಹೇಗಿದೆ ಎಂದೆಲ್ಲ ವಿಚಾರಿಸಿ, ಒಂದು ವಾರ ಬಿಟ್ಟು ಒಂದೇ ಒಂದು ಕಾರಿನ ಹೆಸರು ಹೇಳುತ್ತಿದ್ದರು. ಎರಡು ಹೆಸರು ಹೇಳಿದ್ದು ಯಾರಿಗೂ ನೆನಪಿಲ್ಲ. ಷಿಕಾಗೋ ಕಡೆಯ ಬೋಲಿಂಗ್‌ಬ್ರೂಕಿನಿಂದಲೂ ಫೋನ್ ಬರುತ್ತಿತ್ತು. ಅವರು ಹೇಳಿದ ಕಾರು ಕೊಂಡು ಕೆಟ್ಟೆ ಎಂದವರಿಲ್ಲ. ಕೇಳದೆ ಕೊಂಡಿದ್ದ ಸುದೀಪ್ ಎಂಬವರು ತಮ್ಮ ಕಾರಿನ ವಿಷಯ ಮಾತಾಡುವುದನ್ನೇ ಬಿಟ್ಟಿದ್ದರು.

ಇಂಥ ಶ್ಯಾಮ್ ಅವರಿಗೆ ಅರವತ್ತು ದಾಟಿದ ಮೇಲೆ ಹೆಂಡತಿ ಪದ್ಮ ಒಂದು ಕೆಲಸ ಹೇಳಿದರು. ಮಗಳಿಗೆ ಒಂದು ಕೆಟ್ಟ ಬಿಲ್ಲು ಆರಿಸಿಕೊಡಬೇಕು.

ಇದಕ್ಕೆ ಕಾರಣ ಪದ್ಮ ಅವರೇ. ಮಗಳು ಜಾನ್ವಿ ರಾಯಲ್ ಓಕಿನ ಒಂದು ಶಾಲೆಯಲ್ಲಿ ಮಾತು ತೊದಲುವ ಮಕ್ಕಳಿಗೆ ತರಬೇತಿ ಕೊಡುತ್ತಿದ್ದಳು, ಅಲ್ಲೇ ಅಪಾರ್ಟ್‌ಮೆಂಟಿನಲ್ಲಿದ್ದಳು. ಕಾಲೇಜಿಗೆ ಹೋದ ವರ್ಷವೇ ಮಾಂಸ ತಿನ್ನಲು ಶುರುಮಾಡಿದ್ದಳು. ಮನೆಯಲ್ಲಿ ಅದನ್ನು ಯಾರೂ ಎತ್ತುತ್ತಿರಲಿಲ್ಲ. ಆದರೆ ಒಂದು ಥ್ಯಾಂಕ್ಸ್‌ಗಿವಿಂಗ್ ದಿನ, ಸ್ನೇಹಿತರ ಮನೆಯ ಟರ್ಕಿ ಊಟ ಮುಗಿಸಿಕೊಂಡು ಅವಳು ನೇರವಾಗಿ ಅಮ್ಮನ ಮನೆಗೆ ಬಂದು ಸೋಫಾದ ಮೇಲೆ ಉರುಳಿಕೊಂಡಾಗ ಪದ್ಮ ಅವರಿಗೆ ತಡೆಯಲಾಗಲಿಲ್ಲ.

"ಕೊಲ್ಲೋದು ಯಾರೋ, ಕುಯ್ಯೋದು ಯಾರೋ. ಕಣ್ಣೆತ್ತಿ ನೋಡದೆ ತಿನ್ನೋದು ನೀವು. ನಿನ್ ಕೈಯಾರೆ ಒಂದು ಪ್ರಾಣಿ ಕೊಂದು, ಕುಯ್ದು, ಆಮೇಲೆ ತಿನ್ನು. ನಾನು ಒಂದ್ ಮಾತೂ ಆಡಲ್ಲ."

ಇಂಥ ಮಾತಿಗೆ ಮಕ್ಕಳು ಸಾಮಾನ್ಯವಾಗಿ ಸಿಟ್ಟಾಗುತ್ತಾರೆ. ಜಾನ್ವಿ ಎದ್ದು ಕೂತಳು. ಆಮೇಲೆ "ಓಕೆ. ದಟ್ಸ್ ಫೇರ್" ಎಂದಳು.

ಚಳಿಗಾಲದಲ್ಲಿ ಅವಳು ಬೇಟೆಗಾರರ ಸುರಕ್ಷತಾ ತರಬೇತಿಗೆ ಸೇರಿ ಪಾಸಾದಳು. ಯುಗಾದಿಗೆ ಮನೆಗೆ ಬಂದಾಗ ಹೋಳಿಗೆ ತಿನ್ನುತ್ತಾ ವಿಷಯ ಹೇಳಿದಳು. ಅಕ್ಟೋಬರಿನಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯುವ ಸೀಸನ್ ಇದೆ. ಸಹೋದ್ಯೋಗಿಯೊಬ್ಬಳ ಅಪ್ಪನಿಗೆ ಲಪೀರ್ ಊರಿನ ಆಚೆ ಕಾಡು ಸೇರಿದ ಜಮೀನಿದೆ, ಅವರು ಒಪ್ಪಿದ್ದಾರೆ.

"ಬಿಲ್ಲು ಯಾಕೆ?" ಎಂದರು ಶ್ಯಾಮ್. ಬಂದೂಕು ಎಂದಿದ್ದರೆ ಅವರು ಹೋಳಿಗೆ ಬಿಟ್ಟು ಏಳುತ್ತಿದ್ದರು.

"ಗನ್ ಆದ್ರೆ ತುಂಬಾ ದೂರದಿಂದ ಹೊಡೀಬಹುದು ಅಪ್ಪ. ಅಮ್ಮ ಹೇಳಿದ್ ಹಾಗೆ ಆಗಲ್ಲ. ಬೋ ಆದ್ರೆ ಜಿಂಕೆ ಹತ್ರ ಬರಬೇಕು." ಮತ್ತೆ ಅಮ್ಮನ ಕಡೆ ತಿರುಗಿ, "ನನ್ ಕೈಲಿ ಆಗಲಿಲ್ಲ ಅಂದ್ರೆ ಐ ವಿಲ್ ಗೋ ಬ್ಯಾಕ್ ಟು ವೆಜಿಟೇರಿಯನ್. ಪ್ರಾಮಿಸ್" ಎಂದಳು.

ಪದ್ಮ ಅವರಿಗೆ ಹತ್ತು ವರ್ಷದಿಂದ ದೇವರ ಮುಂದೆ ಕೇಳಿಕೊಂಡಿದ್ದು ಹೋಳಿಗೆಯ ತಟ್ಟೆಯ ಪಕ್ಕದಲ್ಲಿ ಬಂದು ಕೂತಂತಾಯಿತು. ಅವರು ಮಗಳ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿದರು.

ಮಗಳು ಹೊರಟ ಮೇಲೆ ಗಂಡನ ಹತ್ತಿರ ಬಂದು ಕೂತರು.

"ರೀ, ಬಿಲ್ಲು ಯಾವುದು ತಗೋಬೇಕು ಅಂತ ನಿಮ್ಮನ್ನೇ ಕೇಳ್ತಾಳೆ."

"ಆಗ್ಲೇ ಕೇಳಿದ್ಲು."

"ಯಾವುದಾದ್ರೂ ಹೊಂದದೇ ಇರೋದು ಹೇಳಿ. ಗುರಿ ತಪ್ಪುವಂಥದ್ದು."

"ಅವಳಿಗೇ ಪೆಟ್ಟಾಗತ್ತೆ ಪದ್ಮ."

"ಪೆಟ್ಟಾಗೋದು ಬೇಡ. ಬರೀ ತಪ್ಪಬೇಕು."

ಶ್ಯಾಮ್ ಜೀವಮಾನದಲ್ಲಿ ಒಂದು ಇಲಿಯನ್ನೂ ಕೊಂದವರಲ್ಲ. ನೆಲಮಾಳಿಗೆಗೆ ಇಲಿ ಬಂದಾಗ ಬೋನಿನಲ್ಲಿ ಹಿಡಿದು ಪಾರ್ಕಿಗೆ ಬಿಟ್ಟು ಬಂದಿದ್ದರು. ಹೆಂಡತಿ ಹೇಳಿದ್ದರಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ. "ಸರಿ" ಎಂದರು.

ತೊಂದರೆ ಶುರುವಾಗಿದ್ದು ಆಮೇಲೆ. ಕೆಟ್ಟ ಬಿಲ್ಲು ಯಾವುದು ಎಂದು ತಿಳಿಯಬೇಕಾದರೆ ಒಳ್ಳೆಯದು ಯಾವುದು ಎಂದು ತಿಳಿದಿರಬೇಕು. ಅವರು ಓದಲು ಕೂತರು. ಈಗಿನ ಬೇಟೆಗಾರರು ಬಳಸುವ ಕಾಂಪೌಂಡ್ ಬಿಲ್ಲು ಎಂದರೆ ಕ್ಯಾಲೆಂಡರಿನ ರಾಮನ ಕೈಯಲ್ಲಿರುವಂಥದ್ದಲ್ಲ ಎಂದು ಮೊದಲ ದಿನವೇ ತಿಳಿಯಿತು. ಅದರ ಎರಡು ತುದಿಗೂ ಒಂದೊಂದು ರಾಟೆ ಇರುತ್ತದೆ. ರಾಟೆ ಪೂರ್ತಿ ದುಂಡಗಿರುವುದಿಲ್ಲ. ಹೆದೆಯನ್ನು ಎಳೆಯುತ್ತಾ ಹೋದಂತೆ ಮೊದಲು ಭಾರ ಏರುತ್ತದೆ, ಕೊನೆಗೆ ರಾಟೆ ತಿರುಗಿ ಭಾರ ಇದ್ದಕ್ಕಿದ್ದಂತೆ ಇಳಿದುಹೋಗುತ್ತದೆ. ಐವತ್ತು ಪೌಂಡಿನ ಬಿಲ್ಲು ಪೂರ್ತಿ ಎಳೆದ ಮೇಲೆ ಕೈಗೆ ಹತ್ತು ಪೌಂಡಿನಷ್ಟೇ ಅನ್ನಿಸುತ್ತದೆ. ಹಾಗಾಗಿ ಬಾಣ ಬಿಡದೆ ಸ್ವಲ್ಪ ಹೊತ್ತು ಕಾಯಬಹುದು.

"ಇದು ಗೇರ್‌ಬಾಕ್ಸೇ ಕಣೇ!" ಎಂದು ಅವರು ಅಡುಗೆಮನೆಯ ಕಡೆಗೆ ಕೂಗಿ ಹೇಳಿದರು.

"ನಿಮಗೆ ಹೇಳಿದ್ದು ನೆನಪಿದ್ಯಲ್ಲ?" ಎಂದು ಒಳಗಿನಿಂದ ಉತ್ತರ ಬಂತು.

ನೆನಪಿತ್ತು. ವಾರ ಮುಗಿಯುವಷ್ಟರಲ್ಲಿ ಕೆಟ್ಟ ಬಿಲ್ಲು ಹೇಗಿರಬೇಕು ಎಂದು ಅವರು ಸ್ಪಷ್ಟವಾಗಿ ತೀರ್ಮಾನಿಸಿದ್ದರು. ಜಾನ್ವಿಯ ತೋಳಿನ ಶಕ್ತಿಗೆ ಮೀರಿದ ಭಾರವಿರಬೇಕು. ಎಳೆಯಲು ಒದ್ದಾಡಿದಾಗ ಜಿಂಕೆ ನೋಡಿ ಓಡಿಹೋಗುತ್ತದೆ. ಅವಳ ತೋಳಿಗೆ ಬೇಕಾದ್ದಕ್ಕಿಂತ ಹೆಚ್ಚು ಉದ್ದಕ್ಕೆ ಎಳೆಯುವಂತಿರಬೇಕು. ಆಗ ಭುಜ ನಿಲ್ಲುವುದಿಲ್ಲ. ಬಾಣ ತುಂಬಾ ವೇಗವಾಗಿ ಹೋಗುವಂತಿರಬೇಕು. ವೇಗದ ಬಿಲ್ಲುಗಳು ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ ಎಂದು ಓದಿದ್ದರು. ಜಾಹೀರಾತಿನಲ್ಲಿ ಅತಿ ಹೆಚ್ಚು ಹೊಗಳಿಸಿಕೊಂಡಿದ್ದ ಬಿಲ್ಲಿನಲ್ಲಿ ಈ ಗುಣಗಳೆಲ್ಲ ಇದ್ದವು.

ಬಿಲ್ಲಿನ ಅಂಗಡಿ ಮೌಂಡ್ ರೋಡಿನ ಕಡೆ, ಒಂದು ಲಾಂಡ್ರಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಇತ್ತು. ಹಿಂದುಗಡೆ ಉದ್ದನೆಯ ಹಜಾರ, ಅದರ ಕೊನೆಯಲ್ಲಿ ಗುರಿ ಹಲಗೆಗಳು. ಅಂಗಡಿಯ ಮಾಲೀಕ ರಿಕ್ ಎಂಬವನು ಜಾನ್ವಿಯ ಕೈ ಎರಡೂ ಕಡೆ ಚಾಚಿಸಿ ಅಳತೆ ತೆಗೆದುಕೊಂಡ. ಏನಾದರೂ ಮನಸ್ಸಿನಲ್ಲಿದೆಯೇ ಎಂದು ಕೇಳಿದ. ಜಾನ್ವಿ ಅಪ್ಪನ ಮುಖ ನೋಡಿದಳು. ಶ್ಯಾಮ್ ಆ ಹೊಗಳಿಕೆಯ ಬಿಲ್ಲಿನ ಹೆಸರು ಹೇಳಿದರು. ಭಾರ ಅರವತ್ತು ಪೌಂಡಿಗೆ ಇರಲಿ, ಅಳತೆಗಿಂತ ಒಂದು ಇಂಚು ಉದ್ದ ಇಡಿ, ಮುಂದೆ ಅಭ್ಯಾಸವಾಗುತ್ತದೆ ಎಂದರು. ರಿಕ್ ಹುಬ್ಬೇರಿಸಿದ. ಆದರೆ ಗಿರಾಕಿ ಕೇಳಿದ್ದು ಅಂಗಡಿಯ ಅತಿ ದುಬಾರಿ ಬಿಲ್ಲು. ಅವನು ಅದನ್ನು ಗೋಡೆಯಿಂದ ಇಳಿಸಿದ.

ಜಾನ್ವಿ ಹೆದೆ ಎಳೆದಳು. ಮೊದಲ ಸಲ ಅರ್ಧಕ್ಕೆ ಬಂದು ನಿಂತಿತು. ಎರಡನೆಯ ಸಲ ಬಿಲ್ಲನ್ನು ಚಾವಣಿಯ ಕಡೆಗೆ ಎತ್ತಿ, ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ ಎಳೆದಳು. ಬಾಣ ಹಲಗೆಯ ಮೂಲೆಗೆ ಹೋಗಿ ನಾಟಿತು. ಮುಂದಿನದು ಹಲಗೆಯನ್ನೂ ಬಿಟ್ಟು ಹಿಂದಿನ ಪರದೆಗೆ ಬಡಿಯಿತು. ಹೆದೆ ಅವಳ ಮುಂಗೈಗೆ ಸವರಿಕೊಂಡು ಹೋಗಿ ಕೆಂಪಗೆ ಬರೆ ಎದ್ದಿತು. ಅವಳು ಅದನ್ನು ಉಜ್ಜಿಕೊಳ್ಳುತ್ತಾ, "ಇಟ್ಸ್ ಓಕೆ, ಐ ವಿಲ್ ಗೆಟ್ ಬೆಟರ್. ಡ್ಯಾಡ್ ಪಿಕ್ಡ್ ಇಟ್" ಎಂದು ರಿಕ್‌ಗೆ ಹೇಳಿದಳು. ಅಪ್ಪ ಎಂಥೆಂಥ ಕಾರುಗಳನ್ನು ಆರಿಸಿಕೊಟ್ಟಿದ್ದಾರೆ ಎಂದೂ ಹೇಳಿದಳು.

ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು. ರಿಕ್ ಬಿಲ್ಲು ಪ್ಯಾಕ್ ಮಾಡಲು ಪೆಟ್ಟಿಗೆ ತರಲು ಹೋದ. ಶ್ಯಾಮ್ ಕೈ ಕಟ್ಟಿಕೊಂಡು ನಿಂತಿದ್ದರು. ಹೊಂದದ ಎರಡು ಗೇರುಗಳು ಒಂದಕ್ಕೊಂದು ಉಜ್ಜುವ ಸದ್ದು ಅವರಿಗೆ ಕೇಳಿಸಿದಂತಾಯಿತು. ರಿಕ್ ಪೆಟ್ಟಿಗೆ ತಂದ. ಮುಚ್ಚಳ ತೆರೆದ.

"ಇದು ಬೇಡ" ಎಂದರು ಶ್ಯಾಮ್.

"ಯಾಕಪ್ಪ?"

"ಕೆಟ್ಟದಾಗಿದೆ. ನಿಂಗಲ್ಲ ಇದು."

ಒಮ್ಮೆ ಶುರುವಾದ ಮೇಲೆ ಅವರಿಗೆ ನಿಲ್ಲಿಸಲಾಗಲಿಲ್ಲ. ಭಾರ ನಲವತ್ತೈದಕ್ಕೆ ಇಳಿಸಿ ಎಂದರು. ಉದ್ದ ಅಳತೆಗೆ ಸರಿಯಾಗಿ ಇರಲಿ ಎಂದರು. ಕುರ್ಚಿಯೊಂದನ್ನು ಎಳೆದು ತಂದು, ಕೂತುಕೊಂಡು, ಬಿಲ್ಲನ್ನು ಮೇಲಕ್ಕೆತ್ತದೆ ನೇರವಾಗಿ ಎಳೆಯಲು ಆಗುವಂಥದ್ದು ಮಾತ್ರ ತೋರಿಸಿ, ಕಾಡಿನಲ್ಲಿ ಕೂತೇ ಹೊಡೆಯಬೇಕಲ್ಲ ಎಂದರು. ರಿಕ್ ಒಂದೊಂದಾಗಿ ಇಳಿಸಿದ. ಎಳೆಯುವುದು ಈಗ ಸಲೀಸಾಯಿತು. ಆದರೆ ಬಾಣ ಮಾತ್ರ ಪ್ರತಿ ಸಲವೂ ಒಂದೇ ಪಕ್ಕಕ್ಕೆ ಹೋಗುತ್ತಿತ್ತು. ಇದಕ್ಕಾಗಿಯೇ ಪದ್ಮ ಹರಕೆ ಹೊತ್ತಿದ್ದಿರಬಹುದು. ಶ್ಯಾಮ್ ಅದನ್ನೂ ಬಿಡಲಿಲ್ಲ.

"ಜಾನು, ಎರಡೂ ಕಣ್ಣು ಬಿಟ್ಕೊಂಡು ಆ ಗಡಿಯಾರಕ್ಕೆ ಬೆರಳು ತೋರಿಸು. ಈಗ ಎಡಗಣ್ಣು ಮುಚ್ಚು. ಬೆರಳು ಗಡಿಯಾರದ ಮೇಲೇ ಇದ್ಯಾ?"

"ಇಲ್ಲ. ಪಕ್ಕಕ್ಕೆ ಹೋಯ್ತು."

"ಬಲಗಣ್ಣು ಮುಚ್ಚು."

"ಈಗ ಸರಿಯಾಗಿದೆ. ವೇಟ್, ವಾಟ್?"

ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಾದರೂ ಅವಳು ಗುರಿ ಹಿಡಿಯುತ್ತಿದ್ದುದು ಎಡಗಣ್ಣಿನಲ್ಲಿ. ಅವಳಿಗೆ ಬೇಕಾದ್ದು ಎಡಗೈಯವರ ಬಿಲ್ಲು. ಇದನ್ನು ಮೊದಲೇ ನೋಡಬೇಕಿತ್ತು ಎಂದು ರಿಕ್ ತಲೆ ಕೆರೆದುಕೊಂಡ. ಅಂಗಡಿಯಲ್ಲಿ ಅಂಥದ್ದು ಒಂದೇ ಇತ್ತು. ಹಿಂದಿನ ವರ್ಷದ ಮಾಡೆಲ್, ಯಾರೂ ಕೇಳದೆ ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ನಿಧಾನ, ಆದರೆ ಸದ್ದಿಲ್ಲ. ಜಾನ್ವಿ ಕುರ್ಚಿಯಲ್ಲಿ ಕೂತು, ಕೈ ಬದಲಾಯಿಸಿಕೊಂಡು, ಅಭ್ಯಾಸವಿಲ್ಲದ ಬೆರಳುಗಳಿಂದ ಹೆದೆ ಎಳೆದಳು. ರಾಟೆ ತಿರುಗಿತು, ಭಾರ ಇಳಿಯಿತು, ಅವಳ ಮುಖದ ಮೇಲಿನ ಬಿಗಿ ಬಿಟ್ಟುಹೋಯಿತು. ಬಾಣ ಹಲಗೆಯ ನಡುವೆ ಹೋಗಿ ನಿಂತಿತು.

ಶ್ಯಾಮ್ ಅವರಿಗೆ ಸಂತೋಷವಾಯಿತು. ಮನೆಗೆ ಹೋಗಬೇಕು ಎನ್ನುವುದು ಆಮೇಲೆ ನೆನಪಾಯಿತು.

"ಹೇಗಿದೆ?" ಎಂದು ಪದ್ಮ ಬಾಗಿಲಲ್ಲೇ ಕೇಳಿದರು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಪದ್ಮ. ಅದಕ್ಕಿಂತ ಹೊಂದೋದು ಅವಳಿಗೆ ಸಿಗಲ್ಲ."

"ನಿಮ್ಮ ಕೈಲಿ ಒಂದು ಕೆಲಸ ಕೆಡಿಸೋಕೂ ಆಗಲ್ವಲ್ಲ" ಎಂದು ಪದ್ಮ ಒಳಗೆ ಹೋದರು. ಆ ವಾರವೆಲ್ಲ ಊಟ ಬಡಿಸುವಾಗ ಅವರು ಪಾತ್ರೆಗಳ ಜೊತೆ ಮಾತ್ರ ಮಾತಾಡಿದರು.

ಬೇಸಿಗೆಯಿಡೀ ಜಾನ್ವಿ ಶನಿವಾರ ಶನಿವಾರ ಅಂಗಡಿಯ ಆ ಹಜಾರದಲ್ಲಿ ಅಭ್ಯಾಸ ಮಾಡಿದಳು. ಶ್ಯಾಮ್ ಪಕ್ಕದಲ್ಲಿ ಕೂತು ರಾಟೆಗಳನ್ನೇ ನೋಡುತ್ತಿದ್ದರು. ಬಾಣಗಳು ಒಂದರ ಪಕ್ಕ ಒಂದು ಬೀಳತೊಡಗಿದವು.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಮೂವರೂ ಲಪೀರಿಗೆ ಹೊರಟರು. ಪದ್ಮ ಬರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅವರು ಹೆರಿಗೆ ಡಾಕ್ಟರು, ಇನ್ನೂ ಆಸ್ಪತ್ರೆಗೆ ಹೋಗುತ್ತಿದ್ದರು. "ಏನಾದ್ರೂ ಪೆಟ್ಟಾದ್ರೆ ಡಾಕ್ಟರ್ ಬೇಡ್ವಾ?" ಎಂದು ಚಿತ್ರಾನ್ನದ ಡಬ್ಬಿಯನ್ನೂ ಕಾಫಿಯ ಫ್ಲಾಸ್ಕನ್ನೂ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಜಮೀನು ತಲುಪಿದ ಮೇಲೆ, ತಾನು ಕಾರಿನಲ್ಲೇ ಇರುತ್ತೇನೆಂದು ಹೀಟರ್ ಹಾಕಿಕೊಂಡು ಪುಸ್ತಕ ತೆಗೆದರು.

ಮೆಕ್ಕೆಜೋಳದ ಹೊಲದ ಅಂಚಿನಲ್ಲಿ, ಎಲೆ ಉದುರುತ್ತಿದ್ದ ಮೇಪಲ್ ಮರಗಳ ಕೆಳಗೆ, ಸಣ್ಣ ಡೇರೆಯೊಂದನ್ನು ಅಡಗಿಸಿ ಕಟ್ಟಲಾಗಿತ್ತು. ಅಪ್ಪ ಮಗಳು ಅದರೊಳಗೆ ಮಡಚುವ ಕುರ್ಚಿಗಳಲ್ಲಿ ಕೂತರು. ಬಹಳ ಹೊತ್ತು ಅಳಿಲುಗಳಷ್ಟೇ ಬಂದವು. ಶ್ಯಾಮ್ ಅವರಿಗೆ ಕಾಲು ಜೋಮು ಹಿಡಿಯಿತು. ತೂಕಡಿಕೆ ಬರುತ್ತಿದ್ದಾಗ ಮಗಳು ಮೊಣಕೈ ತಾಗಿಸಿದಳು.

ಒಂದು ಹೆಣ್ಣು ಜಿಂಕೆ ಬಂದಿತ್ತು. ಅಷ್ಟು ಹತ್ತಿರದಿಂದ ಶ್ಯಾಮ್ ಜಿಂಕೆ ನೋಡಿದ್ದು ರಸ್ತೆಯಲ್ಲಿ ಮಾತ್ರ, ಅದೂ ಹೆಡ್‌ಲೈಟಿನಲ್ಲಿ. ಇದು ನೆಲ ಮೂಸುತ್ತಾ, ಒಂದೊಂದೇ ಹೆಜ್ಜೆ ಇಡುತ್ತಾ, ಅವಸರವಿಲ್ಲದೆ ಬರುತ್ತಿತ್ತು. ಜಾನ್ವಿ ಹೆದೆ ಎಳೆದಳು. ಬಿಲ್ಲು ಮೇಲಕ್ಕೆ ಹೋಗಲಿಲ್ಲ, ಸದ್ದೂ ಆಗಲಿಲ್ಲ. ಜಿಂಕೆ ತಟ್ಟನೆ ತಲೆಯೆತ್ತಿ ಡೇರೆಯ ಕಡೆಗೇ ನೋಡಿತು. ಜಾನ್ವಿ ಎಳೆದ ಹೆದೆಯನ್ನು ಹಾಗೇ ಹಿಡಿದು ಕಾದಳು. ಓಡಿಹೋಗು ಎಂದು ಶ್ಯಾಮ್ ಮನಸ್ಸಿನಲ್ಲೇ ಹೇಳಿದರು. ಹಾಗೆ ಹೇಳಿದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. ಜಿಂಕೆ ಮತ್ತೆ ತಲೆ ತಗ್ಗಿಸಿ ಪಕ್ಕಕ್ಕೆ ತಿರುಗಿತು. ಜಾನ್ವಿ ಬಾಣ ಬಿಟ್ಟಳು.

ಜಿಂಕೆ ಒಮ್ಮೆ ನೆಗೆದು ಕಾಡಿನೊಳಗೆ ಓಡಿತು.

ತಕ್ಷಣ ಹಿಂದೆ ಹೋಗಬಾರದು, ಅರ್ಧ ಗಂಟೆ ಕಾಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಆ ಹೊತ್ತು ಜಾನ್ವಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಆಮೇಲೆ ಇಬ್ಬರೂ ಹೊರಗೆ ಬಂದರು. ಜಿಂಕೆ ನಿಂತಿದ್ದ ಜಾಗದಲ್ಲಿ ರಕ್ತವಿತ್ತು. ಅಲ್ಲಿಂದ ಸ್ವಲ್ಪ ದೂರ ಜಾನ್ವಿ ಹನಿ ಹುಡುಕಿಕೊಂಡು ಹೋದಳು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಂತಾಯಿತು.

"ಅಪ್ಪ, ನೀವು ನೋಡಿ."

ಶ್ಯಾಮ್ ಬಗ್ಗಿ ನೋಡಿದರು. ಅವರಿಗೆ ಕೆಂಪು, ಕಂದು, ಹಸಿರು ಎಲ್ಲ ಹೆಚ್ಚುಕಡಿಮೆ ಒಂದೇ. ಕಾರು ಆರಿಸಿಕೊಡುವಾಗಲೂ ಬಣ್ಣದ ಮಾತು ಬಂದರೆ ಪದ್ಮ ಅವರನ್ನು ಕೇಳಿ ಎನ್ನುತ್ತಿದ್ದರು. ಅಕ್ಟೋಬರಿನ ಕಾಡಿನಲ್ಲಿ ಅವರಿಗೆ ಕಂಡದ್ದು ಎಲೆಗಳು ಮಾತ್ರ. ಜಿಂಕೆ ಎಲ್ಲೋ ಬಿದ್ದು ಒದ್ದಾಡುತ್ತಿರಬಹುದು ಎಂದು ಮಗಳು ಅಳುತ್ತಿದ್ದಳು. ಅವರು ಫೋನ್ ತೆಗೆದು ಹೆಂಡತಿಗೆ ಕರೆ ಮಾಡಿದರು.

ಪದ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದರು. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರು.

"ನೊರೆ ಇದೆ. ಲಂಗ್ಸ್‌ಗೆ ಬಿದ್ದಿದೆ. ತುಂಬ ಹೊತ್ತು ಒದ್ದಾಡಿರಲ್ಲ ಬಿಡು" ಎಂದು ಮುಂದೆ ನಡೆದರು. ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುವಂತೆ ಒಂದು ಗಿಡದಿಂದ ಇನ್ನೊಂದಕ್ಕೆ ಹೋದರು. ಇಬ್ಬರೂ ಹಿಂದೆ ಹೋದರು. ಮುರಿದು ಬಿದ್ದ ಮರವೊಂದರ ಆಚೆ ಜಿಂಕೆ ಮಲಗಿತ್ತು. ಸತ್ತು ಬಹಳ ಹೊತ್ತಾಗಿತ್ತು.

ಜಾನ್ವಿ ಅದರ ಪಕ್ಕ ಮಂಡಿಯೂರಿದಳು. ಚೀಲದಿಂದ ಚಾಕು ತೆಗೆದಳು. ಮಾಂಸ ಕೆಡಬಾರದೆಂದರೆ ಅಲ್ಲೇ ಹೊಟ್ಟೆ ಸೀಳಿ ಒಳಗಿನದನ್ನೆಲ್ಲ ತೆಗೆಯಬೇಕು. ವಿಡಿಯೊಗಳಲ್ಲಿ ನೋಡಿದ್ದಳು. ಚಾಕುವಿನ ತುದಿಯನ್ನು ಹೊಟ್ಟೆಯ ಮೇಲಿಟ್ಟಳು, ತೆಗೆದಳು. ಮತ್ತೆ ಇಟ್ಟಳು. ಕೈ ಮುಂದಕ್ಕೆ ಹೋಗಲಿಲ್ಲ.

"ಐ ಕಾಂಟ್" ಎಂದಳು, ಮೆಲ್ಲಗೆ.

ಶ್ಯಾಮ್ ಹೆಂಡತಿಯ ಕಡೆ ನೋಡಿದರು. ಪದ್ಮ ಇನ್ನೊಂದೈದು ನಿಮಿಷ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಮಗಳು ಎದ್ದು ಕಾರಿಗೆ ಹೋಗುತ್ತಿದ್ದಳು, ಚಿತ್ರಾನ್ನ ತಿನ್ನುತ್ತಿದ್ದಳು, ಮಾತಿಗೆ ತಪ್ಪುವ ಹುಡುಗಿಯಲ್ಲ. ಪದ್ಮ ನಿಂತೇ ಇದ್ದರು. ಮಗಳು ಚಾಕು ಹಿಡಿದಿದ್ದ ರೀತಿಯನ್ನು ನೋಡುತ್ತಿದ್ದರು.

"ಹಾಗೆ ಹಿಡೀತಾರೇನೇ? ಬೆರಳು ಹೋಗತ್ತೆ" ಎಂದರು. "ಗ್ಲೌಸ್ ಇನ್ನೊಂದು ಜೊತೆ ಇದ್ಯಾ?"

ಗ್ಲೌಸ್ ಹಾಕಿಕೊಂಡು ಮಗಳ ಎದುರಿಗೆ ಕೂತರು. "ಪೆನ್ ಹಿಡಿಯೋ ಹಾಗೆ ಹಿಡಿ. ಆ ಕೈಯಿಂದ ಚರ್ಮ ಎತ್ತು. ಆಳಕ್ಕೆ ಹೋಗ್ಬೇಡ, ಕೆಳಗೇ ಬ್ಲ್ಯಾಡರ್ ಇದೆ. ಹಾಂ. ಈಗ ನಿನ್ನ ಬೆರಳು ಒಳಗಿಟ್ಟು, ಬೆರಳಿನ ಮೇಲೆ ಚಾಕು ಬರಲಿ."

"ನೀನೇ ಮಾಡಮ್ಮ. ಪ್ಲೀಸ್."

"ನಾನು ತಿನ್ನಲ್ವಲ್ಲ" ಎಂದರು ಪದ್ಮ. "ನಾನು ಸಾವಿರಾರು ಹೊಟ್ಟೆ ಕುಯ್ದಿದೀನಿ. ಎಲ್ಲಾ ಮತ್ತೆ ಹೊಲಿಯೋಕೆ. ಇದನ್ನ ಹೊಲಿಯೋದಿಲ್ಲ, ಅಷ್ಟೇ. ಅವಸರ ಇಲ್ಲ, ನಿಧಾನಕ್ಕೆ ಮಾಡು."

ಜಾನ್ವಿ ಮಾಡಿದಳು. ಶ್ಯಾಮ್ ಬೆನ್ನು ತಿರುಗಿಸಿ ಒಂದು ಮರದ ತೊಗಟೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತರು. ಹಿಂದಿನಿಂದ ಪದ್ಮ ಅವರ ದನಿ ಒಂದೇ ಸಮನೆ ಕೇಳುತ್ತಿತ್ತು. ಇದು ಲಿವರ್, ನೋಡು ಎಷ್ಟು ಚೆನ್ನಾಗಿದೆ. ಇದು ವಪೆ, ಡಯಾಫ್ರಮ್, ಇದನ್ನ ಸುತ್ತಲೂ ಬಿಡಿಸು. ಎಳೀಬೇಡ, ಬಿಡಿಸು. ಜೂನಿಯರ್ ಡಾಕ್ಟರುಗಳಿಗೆ ಹೇಳಿಕೊಡುವ ದನಿ ಅದು, ಮನೆಯಲ್ಲಿ ಅವರು ಅದನ್ನು ಬಳಸಿದ್ದೇ ಇಲ್ಲ. ಒಂದು ಕಡೆ ಅದು ನಿಂತಿತು.

"ಏನಮ್ಮ?"

"ಗರ್ಭಕೋಶ. ತಡಿ." ಬೆರಳಿನಿಂದ ಒತ್ತಿ ನೋಡಿದ್ದಿರಬೇಕು. "ಬಸಿರಿಲ್ಲ. ಕೆಚ್ಚಲಲ್ಲಿ ಹಾಲೂ ಇಲ್ಲ. ಮರಿ ಇದ್ರೂ ದೊಡ್ಡದಾಗಿರತ್ತೆ, ತಾನೇ ಮೇಯತ್ತೆ."

ಜಾನ್ವಿ ಆಗ ಜೋರಾಗಿ ಅತ್ತಳು.

"ಅಳೋದಾದ್ರೆ ಚಾಕು ಕೆಳಗಿಟ್ಟು ಅಳು" ಎಂದರು ಪದ್ಮ. ಅವಳು ಚಾಕು ಕೆಳಗಿಟ್ಟು ಅತ್ತಳು. ಪದ್ಮ ಗ್ಲೌಸಿನ ಕೈಗಳನ್ನು ಮೇಲೆತ್ತಿ ಹಿಡಿದುಕೊಂಡು, ಯಾವುದಕ್ಕೂ ತಾಗಿಸದೆ, ಅವಳು ಮುಗಿಸುವವರೆಗೂ ಕೂತಿದ್ದರು. ಆಮೇಲೆ ಜಾನ್ವಿ ಮೂಗು ತೋಳಿಗೆ ಒರೆಸಿಕೊಂಡು ಉಳಿದ ಕೆಲಸ ತಾನೇ ಮಾಡಿದಳು.

ಜಿಂಕೆಯನ್ನು ಹಗ್ಗ ಕಟ್ಟಿ ಮೂವರೂ ಎಳೆದರು. ಎಣಿಸಿದ್ದಕ್ಕಿಂತ ಭಾರವಿತ್ತು. ಊರಿನಲ್ಲಿ ಮಾಂಸ ತುಂಡು ಮಾಡಿಕೊಡುವ ಅಂಗಡಿಗೆ ಅದನ್ನು ಮುಟ್ಟಿಸಿ, ಕೈ ತೊಳೆದು, ಕಾರಿನಲ್ಲಿ ಕೂತು ಚಿತ್ರಾನ್ನ ತಿಂದರು. ಎಲ್ಲರಿಗೂ ಹಸಿವಾಗಿತ್ತು. ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಜಾನ್ವಿ ಅಮ್ಮನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಹೈಸ್ಕೂಲು ಮುಗಿದ ಮೇಲೆ ಅವಳು ಹಾಗೆ ಮಲಗಿರಲಿಲ್ಲ. ಭುಜ ನೋಯುತ್ತಿದ್ದರೂ ಪದ್ಮ ಅಲುಗಾಡಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ ದೀಪ ಹಚ್ಚಿದರು. ಆ ದಿನ ದೇವರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂತರು.

ಎರಡು ವಾರದ ನಂತರ ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಶ್ಯಾಮ್ ಟೀವಿಯ ಸದ್ದು ತಗ್ಗಿಸಿದರು.

"ಅಮ್ಮ, ಇವತ್ತು ಕುಕ್ ಮಾಡಿ ತಿಂದೆ. ಇನ್ಮೇಲೆ ಅಂಗಡಿ ಮಾಂಸ ತರಲ್ಲ. ಇದು ಖಾಲಿಯಾದ್ಮೇಲೆ ಏನು ಅಂತ ಐ ಡೋಂಟ್ ನೋ ಯೆಟ್."

"ಹೂಂ."

"ನೀನು ಒಂದ್ ಮಾತೂ ಆಡಲ್ಲ ಅಂದಿದ್ದೆ."

"ಆಡ್ತಾ ಇಲ್ವಲ್ಲ."

ಪದ್ಮ ಕಿಟಕಿಯ ಹತ್ತಿರ ಹೋಗಿ ನಿಂತರು.

"ಹೇಗಿತ್ತು?" ಎಂದು ಕೇಳಿದರು.

"ಸ್ವಲ್ಪ ಗಟ್ಟಿ ಆಯ್ತು ಅಮ್ಮ. ಬೇಗ ಇಳಿಸಿಬಿಟ್ನೇನೋ."

"ಕುಕ್ಕರ್ ಇದ್ಯಲ್ಲ, ಇನ್ನೆರಡು ವಿಷಲ್ ಕೂಗಿಸು" ಎಂದರು ಪದ್ಮ. "ನಂಗೇನು ಗೊತ್ತು, ಸುಮ್ನೆ ಹೇಳ್ದೆ."